ಅರೇಬಿಕ್–ಇಂಗ್ಲಿಷ್ ದ್ವಿಭಾಷಾ ಪೂರ್ವ ಪ್ರಾಥಮಿಕ ಶಿಕ್ಷಕಿ ವೃತ್ತಿ: ಅಭ್ಯರ್ಥಿಗಳಿಗೆ ಮಾಹಿತಿ

(ಉಡುಪಿ, ಮಣಿಪಾಲ, ಕಾಪು ಹಾಗೂ ಕಾರ್ಕಳ ಭಾಗದ ಉದ್ಯೋಗಾಕಾಂಕ್ಷಿಗಳ ತಿಳುವಳಿಕೆಗಾಗಿ)

1. ಪೀಠಿಕೆ

ಉಡುಪಿ ಜಿಲ್ಲೆಯ ಕರಾವಳಿ ಭಾಗದಿಂದ ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗ ನಿಮಿತ್ತ ತೆರಳುವ ಪದ್ಧತಿ ಹಲವು ದಶಕಗಳಿಂದ ನಡೆದುಬಂದಿದೆ. ಅಲ್ಲಿ ನೆಲೆಸಿ ಮರಳಿದ ಕುಟುಂಬಗಳು ಹಾಗೂ ಮರಳಿ ಹೋಗಲಿರುವ ಕುಟುಂಬಗಳು ತಮ್ಮ ಮಕ್ಕಳಿಗೆ ಎಳವೆಯಿಂದಲೇ ಇಂಗ್ಲಿಷಿನೊಂದಿಗೆ ಅರೇಬಿಕ್ ಭಾಷೆಯನ್ನೂ ಕಲಿಸಬೇಕೆಂದು ಅಪೇಕ್ಷಿಸುತ್ತಿವೆ. ಇದರಿಂದಾಗಿ ಎರಡೂ ಭಾಷೆಗಳನ್ನು ಬಲ್ಲ ಪೂರ್ವ ಪ್ರಾಥಮಿಕ ಶಿಕ್ಷಕಿಯರಿಗೆ ಸ್ಥಳೀಯ ಖಾಸಗಿ ಶಾಲೆಗಳಲ್ಲಿಯೂ ಹೊರದೇಶಗಳಲ್ಲಿಯೂ ಅವಕಾಶಗಳು ಇವೆ.

ಆದರೆ ಈ ವೃತ್ತಿಗೆ ಬರಬಯಸುವವರಲ್ಲಿ ಅನೇಕರು ಮೊದಲು ಕೆಲಸ, ಆ ಮೇಲೆ ಪ್ರಮಾಣಪತ್ರ ಎಂಬ ಕ್ರಮದಲ್ಲಿ ಯೋಚಿಸುತ್ತಾರೆ. ಅಲ್ಪಾವಧಿಯ ತರಬೇತಿ ಮುಗಿಸಿ ಕೆಲವು ವರ್ಷ ದುಡಿದ ನಂತರ, ತಮ್ಮ ಕೈಯಲ್ಲಿರುವ ಪ್ರಮಾಣಪತ್ರಕ್ಕೆ ಮುಂದಿನ ಹುದ್ದೆಗೆ ಬೇಕಾದ ಮಾನ್ಯತೆ ಇಲ್ಲವೆಂದು ತಿಳಿದು ಪುನಃ ಮೊದಲಿನಿಂದ ಓದಬೇಕಾದ ಸಂದರ್ಭ ಉಂಟಾಗುತ್ತದೆ. ಕಳೆದುಹೋದ ವರ್ಷಗಳನ್ನು ಯಾವ ಕಚೇರಿಯೂ ಹಿಂದಿರುಗಿಸಲಾರದು. ಆದ್ದರಿಂದ ಯಾವ ಪ್ರಮಾಣಪತ್ರ ಎಲ್ಲಿ ಸಲ್ಲುತ್ತದೆ, ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಇಡಬೇಕು ಎಂಬುದನ್ನು ಶುಲ್ಕ ಪಾವತಿಸುವ ಮೊದಲೇ ಅಭ್ಯರ್ಥಿಗಳು ತಿಳಿದಿರಲಿ ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

2. ವೃತ್ತಿಯ ಸ್ವರೂಪ

ಪೂರ್ವ ಪ್ರಾಥಮಿಕ ಶಿಕ್ಷಣವು ಸಾಮಾನ್ಯವಾಗಿ 3ರಿಂದ 6 ವರ್ಷದೊಳಗಿನ ಮಕ್ಕಳಿಗೆ ಸಂಬಂಧಿಸಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ 3ರಿಂದ 8 ವರ್ಷದವರೆಗಿನ ಐದು ವರ್ಷಗಳನ್ನು ಒಟ್ಟಾಗಿ 'ಬುನಾದಿ ಹಂತ' ಎಂದು ಪರಿಗಣಿಸಲಾಗಿದೆ. ಈ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2022ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಗಿದ್ದು, ಆಟ, ಹಾಡು, ಕಥೆ ಮತ್ತು ಸಂಭಾಷಣೆಗಳ ಮೂಲಕ ಕಲಿಕೆ ನಡೆಯಬೇಕೆಂದೂ, ಮಗುವಿನ ಮನೆಮಾತಿಗೆ ತರಗತಿಯಲ್ಲಿ ಸ್ಥಾನವಿರಬೇಕೆಂದೂ ಅದರಲ್ಲಿ ತಿಳಿಸಲಾಗಿದೆ.

ಈ ಅಂಶವು ನಮ್ಮ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಕಾಪು ಅಥವಾ ಕಾರ್ಕಳದ ಒಂದೇ ತರಗತಿಯಲ್ಲಿ ಬ್ಯಾರಿ, ತುಳು, ಕೊಂಕಣಿ, ಉರ್ದು ಮತ್ತು ಕನ್ನಡ ಮನೆಮಾತಿನ ಮಕ್ಕಳು ಜೊತೆಯಾಗಿ ಕುಳಿತಿರುತ್ತಾರೆ. ಮಣಿಪಾಲದಲ್ಲಿ ಹೊರರಾಜ್ಯ ಮತ್ತು ಹೊರದೇಶಗಳಿಂದ ಬಂದ ಕುಟುಂಬಗಳ ಮಕ್ಕಳೂ ಇರುತ್ತಾರೆ. ಇಂತಹ ಮಗುವಿಗೆ ಇಂಗ್ಲಿಷ್ ಮತ್ತು ಅರೇಬಿಕ್ ಎರಡೂ ಹೊಸ ಭಾಷೆಗಳೇ. ಮಗು ಅಳುವಾಗ, ಹಸಿವೆ ಎನ್ನುವಾಗ, ಶೌಚಕ್ಕೆ ಹೋಗಬೇಕೆನ್ನುವಾಗ ತನ್ನ ಮನೆಮಾತಿನಲ್ಲಿಯೇ ಹೇಳುತ್ತದೆ. ಆದ್ದರಿಂದ ದ್ವಿಭಾಷಾ ಶಿಕ್ಷಕಿ ಎಂದರೆ ಎರಡು ಭಾಷೆಗಳನ್ನು ಮಾತ್ರ ಬಲ್ಲವಳು ಎಂದು ಅರ್ಥವಲ್ಲ. ಮೂರನೆಯದಾದ ಮಗುವಿನ ಮಾತನ್ನು ಅರಿತು, ಅದರ ಆಸರೆಯಿಂದ ಉಳಿದೆರಡನ್ನು ಕಲಿಸಬಲ್ಲವಳು ಎಂದು ಅರ್ಥ. ಈ ಕಾರಣದಿಂದ ಸ್ಥಳೀಯ ಭಾಷೆಗಳ ಪರಿಚಯವಿರುವ ಅಭ್ಯರ್ಥಿಗಳು ತಮ್ಮ ಅರ್ಜಿಯಲ್ಲಿ ಅದನ್ನು ತಪ್ಪದೇ ನಮೂದಿಸತಕ್ಕದ್ದು.

ತರಗತಿಯ ಕೆಲಸದಲ್ಲಿ ಗಮನಿಸಬೇಕಾದ ಕೆಲವು ವಿಷಯಗಳು ಹೀಗಿವೆ:

(ಅ) ಇಂಗ್ಲಿಷನ್ನು ಎಡದಿಂದ ಬಲಕ್ಕೂ ಅರೇಬಿಕ್ಕನ್ನು ಬಲದಿಂದ ಎಡಕ್ಕೂ ಬರೆಯಲಾಗುತ್ತದೆ. ಎರಡೂ ಬರವಣಿಗೆಗಳನ್ನು ಒಂದೇ ಅವಧಿಯಲ್ಲಿ ಒಂದೇ ಪುಟದಲ್ಲಿ ಆರಂಭಿಸಿದಲ್ಲಿ ಮಗು ಗೊಂದಲಕ್ಕೀಡಾಗುವ ಸಂಭವವಿದೆ. ಪ್ರತ್ಯೇಕ ಅವಧಿ, ಪ್ರತ್ಯೇಕ ಪುಸ್ತಕ ಹಾಗೂ ಬರೆಯಲು ಆರಂಭಿಸುವ ಬದಿಗೆ ಒಂದು ಬಣ್ಣದ ಗುರುತು ಇರಿಸುವುದು ಸರಳ ಉಪಾಯ.

(ಆ) ಅರೇಬಿಕ್ ಲಿಪಿಯಲ್ಲಿ 28 ಅಕ್ಷರಗಳಿದ್ದು, ಪದದ ಆರಂಭ, ಮಧ್ಯ ಮತ್ತು ಕೊನೆಯಲ್ಲಿ ಅಕ್ಷರದ ಆಕಾರವು ಬದಲಾಗುತ್ತದೆ. ಆದ್ದರಿಂದ ಬಿಡಿ ಅಕ್ಷರಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಪರಿಚಿತ ವಸ್ತುಗಳ ಹೆಸರುಗಳಿಂದ ಆರಂಭಿಸುವುದು ಸೂಕ್ತ.

(ಇ) 'ಐನ್', 'ದಾದ್' ಮುಂತಾದ ಅರೇಬಿಕ್ ಅಕ್ಷರಗಳ ಧ್ವನಿಗಳು ಕನ್ನಡದಲ್ಲಿಯೂ ತುಳುವಿನಲ್ಲಿಯೂ ಇಲ್ಲ. ಹಾಗೆಯೇ ಇಂಗ್ಲಿಷಿನಲ್ಲಿ ಬಳಕೆಯಾಗುವ 'ಪ'ಕಾರವು ಅರೇಬಿಕ್ ವರ್ಣಮಾಲೆಯಲ್ಲಿ ಇಲ್ಲ. ಮಕ್ಕಳು ಕೇಳಿ ಅನುಕರಿಸುವುದರಿಂದ ಶಿಕ್ಷಕಿಯ ಉಚ್ಚಾರಣೆಯೇ ಪಠ್ಯಪುಸ್ತಕವಾಗಿರುತ್ತದೆ.

3. ಓದಲು ಬಲ್ಲವರು ಮತ್ತು ಮಾತನಾಡಲು ಬಲ್ಲವರು

ಈ ವೃತ್ತಿಗೆ ಬರುವವರಲ್ಲಿ ಅನೇಕರು ಬಾಲ್ಯದಲ್ಲಿ ಮದ್ರಸಾ ಶಿಕ್ಷಣ ಪಡೆದವರಾಗಿದ್ದು, ಅರೇಬಿಕ್ ಲಿಪಿಯನ್ನು ನಿರರ್ಗಳವಾಗಿ ಓದಬಲ್ಲರು. ಇದು ಉತ್ತಮ ತಳಹದಿ. ಆದರೆ ಧರ್ಮಗ್ರಂಥವನ್ನು ಶುದ್ಧವಾಗಿ ಪಠಿಸುವುದು ಬೇರೆ, ಆ ಭಾಷೆಯಲ್ಲಿ ಮಗುವಿನೊಡನೆ ಮಾತನಾಡುವುದು ಬೇರೆ. "ನಿನ್ನ ಚೀಲವನ್ನು ಇಲ್ಲಿಡು", "ಕೈ ತೊಳೆದುಕೊಂಡು ಬಾ", "ಯಾರು ತಳ್ಳಿದರು?" ಎಂಬಂತಹ ನಿತ್ಯದ ಮಾತುಗಳನ್ನು ಅರೇಬಿಕ್‌ನಲ್ಲಿ ತಡವರಿಸದೆ ಹೇಳಲು ಬರುತ್ತದೆಯೇ ಎಂಬುದನ್ನು ಅಭ್ಯರ್ಥಿಗಳು ತಾವೇ ಪರೀಕ್ಷಿಸಿಕೊಳ್ಳಬೇಕು. ಸಂದರ್ಶನ ಹಾಗೂ ಮಾದರಿ ಪಾಠದ ಸಮಯದಲ್ಲಿ ಈ ವ್ಯತ್ಯಾಸ ಹೊರಬೀಳುತ್ತದೆ.

ಅರೇಬಿಕ್‌ನಲ್ಲಿ ಗ್ರಾಂಥಿಕ ರೂಪ (ಫುಸ್‌ಹಾ) ಮತ್ತು ಆಯಾ ದೇಶದ ಆಡುನುಡಿ (ಆಮ್ಮಿಯ್ಯಾ) ಎಂಬ ಎರಡು ರೂಪಗಳಿವೆ. ಶಾಲೆಗಳಲ್ಲಿ ಕಲಿಸುವುದು ಮೊದಲನೆಯದನ್ನು. ಕೊಲ್ಲಿ ರಾಷ್ಟ್ರದಲ್ಲಿ ಕೆಲವು ವರ್ಷ ಇದ್ದು ಅಂಗಡಿ ಬೀದಿಯಲ್ಲಿ ಕಲಿತ ಆಡುನುಡಿಯು ಸಂವಹನಕ್ಕೆ ಸಹಾಯಕವಾದರೂ ಬೋಧನಾ ಅರ್ಹತೆಯೆಂದು ಪರಿಗಣಿತವಾಗುವುದಿಲ್ಲ.

4. ಬೋಧನಾ ಅರ್ಹತೆ ಮತ್ತು ಅದರ ಮಾನ್ಯತೆ

ದೇಶದಲ್ಲಿ ಶಿಕ್ಷಕರ ತರಬೇತಿಗೆ ಮಾನ್ಯತೆ ನೀಡುವ ಸಂಸ್ಥೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು (ಎನ್.ಸಿ.ಟಿ.ಇ.). ಇದು 1993ರ ಅಧಿನಿಯಮದಂತೆ ಕಾರ್ಯನಿರ್ವಹಿಸುತ್ತದೆ. ಪೂರ್ವ ಪ್ರಾಥಮಿಕ ಹಂತಕ್ಕೆ ಪರಿಷತ್ತಿನ 2014ರ ವಿನಿಯಮಗಳಲ್ಲಿ ಸೂಚಿಸಿರುವ ಕೋರ್ಸು 'ಡಿಪ್ಲೊಮಾ ಇನ್ ಪ್ರೀಸ್ಕೂಲ್ ಎಜುಕೇಷನ್' (ಡಿ.ಪಿ.ಎಸ್.ಇ.). ಇದರ ಅವಧಿ ಎರಡು ವರ್ಷ. ಪಿ.ಯು.ಸಿ. ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಶೇ. 50 ಅಂಕಗಳೊಂದಿಗೆ ತೇರ್ಗಡೆಯಾದವರು ಅರ್ಹರು. ಮೀಸಲಾತಿ ವರ್ಗದವರಿಗೆ ನಿಯಮಾನುಸಾರ ಸಡಿಲಿಕೆ ಇದೆ.

ಮಾನ್ಯತೆ ಏಕೆ ಮುಖ್ಯವೆಂಬುದಕ್ಕೆ ಸದರಿ ಅಧಿನಿಯಮದ ಪ್ರಕರಣ 17(4)ನ್ನು ಅಭ್ಯರ್ಥಿಗಳು ಗಮನಿಸಬೇಕು. ಮಾನ್ಯತೆಗೆ ಸಂಬಂಧಿಸಿದ ನಿಯಮಗಳನ್ನು ಉಲ್ಲಂಘಿಸಿ ನಡೆಸುವ ಕೋರ್ಸಿನ ಅರ್ಹತೆಯು ಕೇಂದ್ರ ಮತ್ತು ರಾಜ್ಯ ಸರ್ಕಾರದ ಹುದ್ದೆಗಳಿಗಾಗಲಿ, ಸರ್ಕಾರದ ಅನುದಾನ ಪಡೆಯುವ ಶಾಲಾ ಕಾಲೇಜುಗಳ ಹುದ್ದೆಗಳಿಗಾಗಲಿ ಮಾನ್ಯ ಅರ್ಹತೆಯಾಗಿರುವುದಿಲ್ಲ. ಅಂದರೆ ಮಾನ್ಯತೆಯಿಲ್ಲದ ಪ್ರಮಾಣಪತ್ರ ಹೊಂದಿದವರಿಗೆ ಖಾಸಗಿ ಅನುದಾನರಹಿತ ಶಾಲೆಯ ಬಾಗಿಲು ಮಾತ್ರ ತೆರೆದಿರುತ್ತದೆ. ಉಳಿದ ಬಾಗಿಲುಗಳು ಮುಚ್ಚಿರುತ್ತವೆ.

ಅಭ್ಯರ್ಥಿಗಳ ಅನುಕೂಲಕ್ಕಾಗಿ ವಿವಿಧ ತರಬೇತಿಗಳ ವ್ಯತ್ಯಾಸವನ್ನು ಕೆಳಗೆ ನೀಡಲಾಗಿದೆ:

(ಅ) ಡಿ.ಪಿ.ಎಸ್.ಇ.: ಎರಡು ವರ್ಷ. ಎನ್.ಸಿ.ಟಿ.ಇ. ಮಾನ್ಯತೆ ಇರುವ ಸಂಸ್ಥೆಯಲ್ಲಿ ಪಡೆದಲ್ಲಿ ಪೂರ್ವ ಪ್ರಾಥಮಿಕ ಹಂತಕ್ಕೆ ಪೂರ್ಣ ಅರ್ಹತೆ.

(ಆ) ಡಿ.ಇಎಲ್.ಇಡಿ.: ಎರಡು ವರ್ಷ. ಇದು ಪ್ರಾಥಮಿಕ ತರಗತಿಗಳ ಶಿಕ್ಷಕರಿಗೆ ರೂಪಿಸಿದ ಕೋರ್ಸು. ಖಾಸಗಿ ಶಾಲೆಗಳು ಪೂರ್ವ ಪ್ರಾಥಮಿಕ ತರಗತಿಗಳಿಗೂ ಇಂತಹವರನ್ನು ನೇಮಿಸಿಕೊಳ್ಳುವುದುಂಟು. 1ನೇ ತರಗತಿ ಮತ್ತು ಮೇಲ್ಪಟ್ಟ ಸರ್ಕಾರಿ ಹುದ್ದೆಗೆ ಇದರ ಜೊತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿ.ಇ.ಟಿ.) ಅಗತ್ಯ.

(ಇ) ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಶಿಶು ಆರೈಕೆ ಮತ್ತು ಶಿಕ್ಷಣ ಡಿಪ್ಲೊಮಾ (ಡಿ.ಇ.ಸಿ.ಇ.): ಕನಿಷ್ಠ ಒಂದು ವರ್ಷದ ದೂರಶಿಕ್ಷಣ ಕೋರ್ಸು. ಕೆಲಸದಲ್ಲಿರುವವರಿಗೆ, ಗೃಹಿಣಿಯರಿಗೆ ಉಪಯುಕ್ತ. ಆದರೆ ಇದನ್ನು ಎರಡು ವರ್ಷದ ಡಿ.ಪಿ.ಎಸ್.ಇ.ಗೆ ಸಮಾನವೆಂದು ಭಾವಿಸಕೂಡದು.

(ಈ) ನಾಲ್ಕು ವರ್ಷದ ಸಮಗ್ರ ಶಿಕ್ಷಕ ಶಿಕ್ಷಣ ಕಾರ್ಯಕ್ರಮ (ಐ.ಟಿ.ಇ.ಪಿ.): 2023–24ರಿಂದ ಆರಂಭವಾಗಿದ್ದು, ಪದವಿ ಮತ್ತು ಬಿ.ಇಡಿ. ಒಟ್ಟಾಗಿ ದೊರೆಯುತ್ತದೆ. ಬುನಾದಿ ಹಂತವೂ ಇದರಲ್ಲಿ ಒಂದು ವಿಭಾಗ. ಪಿ.ಯು.ಸಿ. ಮುಗಿಸಿ ದೀರ್ಘಕಾಲದ ವೃತ್ತಿ ಬಯಸುವವರು ಇದನ್ನು ಪರಿಶೀಲಿಸಬಹುದು.

(ಉ) ಮೂರು ಅಥವಾ ಆರು ತಿಂಗಳ ಎನ್.ಟಿ.ಟಿ., ಮಾಂಟೆಸ್ಸರಿ ಇತ್ಯಾದಿ ಖಾಸಗಿ ತರಬೇತಿಗಳು: ಕೌಶಲ್ಯ ವೃದ್ಧಿಗೆ ಸಹಾಯಕವಾಗಬಹುದು. ಆದರೆ ಇವು ಎರಡು ವರ್ಷದ ಮಾನ್ಯ ಡಿಪ್ಲೊಮಾಕ್ಕೆ ಬದಲಿಯಾಗುವುದಿಲ್ಲ. "ಸರ್ಕಾರದಿಂದ ನೋಂದಾಯಿತ" ಎಂದು ಪ್ರಕಟಣೆಯಲ್ಲಿ ಇದ್ದ ಮಾತ್ರಕ್ಕೆ ಮಾನ್ಯತೆ ಇದೆ ಎಂದು ತಿಳಿಯಬಾರದು. ಸಂಘ ಅಥವಾ ಟ್ರಸ್ಟ್ ಆಗಿ ನೋಂದಣಿಯಾಗುವುದು ಬೇರೆ, ಕೋರ್ಸಿಗೆ ಮಾನ್ಯತೆ ದೊರೆಯುವುದು ಬೇರೆ.

ಮಾನ್ಯತೆಯನ್ನು ಸಂಸ್ಥೆಗೆ ಮತ್ತು ಕೋರ್ಸಿಗೆ ಪ್ರತ್ಯೇಕವಾಗಿ ನೀಡಲಾಗುತ್ತದೆ. ಬಿ.ಇಡಿ. ಕೋರ್ಸಿಗೆ ಮಾನ್ಯತೆ ಪಡೆದ ಕಾಲೇಜಿನಲ್ಲಿ ನಡೆಯುವ ಇತರ ಎಲ್ಲ ಕೋರ್ಸುಗಳಿಗೂ ಮಾನ್ಯತೆ ಇರುತ್ತದೆಂದು ತಿಳಿಯಬಾರದು. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯನ್ನು ಎನ್.ಸಿ.ಟಿ.ಇ. ಜಾಲತಾಣದಲ್ಲಿ ನೋಡಬಹುದು, ಸಂಶಯವಿದ್ದಲ್ಲಿ ಉಡುಪಿಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ವಿಚಾರಿಸಬಹುದು.

5. ಅರೇಬಿಕ್ ಜ್ಞಾನಕ್ಕೆ ದಾಖಲೆ

ಭಾಷೆ ಬರುತ್ತದೆ ಎಂಬುದು ಒಂದು ವಿಷಯ. ಬರುತ್ತದೆ ಎಂಬುದಕ್ಕೆ ದಾಖಲೆ ಇರುವುದು ಇನ್ನೊಂದು ವಿಷಯ. ದಾಖಲೆ ಪಡೆಯಲು ಈ ಕೆಳಗಿನ ಮಾರ್ಗಗಳಿವೆ:

(ಅ) ರಾಜ್ಯದ ಎಸ್.ಎಸ್.ಎಲ್.ಸಿ.ಯಲ್ಲಿ ತೃತೀಯ ಭಾಷೆಯಾಗಿ ಹಾಗೂ ಪಿ.ಯು.ಸಿ.ಯಲ್ಲಿ ಭಾಷಾ ವಿಷಯವಾಗಿ ಅರೇಬಿಕ್ ಇದೆ. ಇನ್ನೂ ಪ್ರೌಢಶಾಲೆಯಲ್ಲಿರುವ ವಿದ್ಯಾರ್ಥಿನಿಯರಿಗೆ ಇದು ಅತಿ ಸುಲಭವಾದ ಮಾರ್ಗ, ಅಂಕಪಟ್ಟಿಯೇ ದಾಖಲೆಯಾಗುತ್ತದೆ.

(ಆ) ಶಾಲೆ ಬಿಟ್ಟವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ (ಎನ್.ಐ.ಒ.ಎಸ್.) ಮೂಲಕ ಅರೇಬಿಕ್ ವಿಷಯವನ್ನು ಆಯ್ದು ಪರೀಕ್ಷೆ ಬರೆಯಬಹುದು.

(ಇ) ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದ ರಾಷ್ಟ್ರೀಯ ಉರ್ದು ಭಾಷಾ ಅಭಿವೃದ್ಧಿ ಪರಿಷತ್ತು (ಎನ್.ಸಿ.ಪಿ.ಯು.ಎಲ್.) ಒಂದು ವರ್ಷದ ಅರೇಬಿಕ್ ಸರ್ಟಿಫಿಕೇಟ್ ಕೋರ್ಸು ಹಾಗೂ ಎರಡು ವರ್ಷದ ಫಂಕ್ಷನಲ್ ಅರೇಬಿಕ್ ಡಿಪ್ಲೊಮಾ ಕೋರ್ಸನ್ನು ತನ್ನ ಅಧ್ಯಯನ ಕೇಂದ್ರಗಳ ಮೂಲಕ ನಡೆಸುತ್ತದೆ.

(ಈ) ಪದವಿ ಮತ್ತು ಸ್ನಾತಕೋತ್ತರ ಮಟ್ಟದಲ್ಲಿ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾನಿಲಯ, ಅಲ್ಲಿಯದೇ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾನಿಲಯ ಮತ್ತು ನೆರೆಯ ಕೇರಳದ ಕಲ್ಲಿಕೋಟೆ ವಿಶ್ವವಿದ್ಯಾನಿಲಯಗಳಲ್ಲಿ ಅರೇಬಿಕ್ ಅಧ್ಯಯನಕ್ಕೆ ಅವಕಾಶವಿದೆ. ಕೇರಳದ 'ಅಫ್ಜಲ್-ಉಲ್-ಉಲಮಾ' ಅರ್ಹತೆ ಹೊಂದಿರುವವರು ಕರ್ನಾಟಕದಲ್ಲಿ ಮುಂದಿನ ಕೋರ್ಸಿಗೆ ಸೇರುವ ಮೊದಲು ಅದರ ತತ್ಸಮಾನತೆಯನ್ನು ಸಂಬಂಧಪಟ್ಟ ಪ್ರಾಧಿಕಾರದಿಂದ ಲಿಖಿತವಾಗಿ ಪಡೆಯುವುದು ಉತ್ತಮ.

ಇಂಗ್ಲಿಷ್ ಭಾಷೆಯ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಹಿಂಜರಿಯುವ ಅಗತ್ಯವಿಲ್ಲ. ಮೂರು ವರ್ಷದ ಮಗುವಿಗೆ ಬೇಕಾದುದು ಕಠಿಣ ಪದಗಳಲ್ಲ. ಸ್ಪಷ್ಟವಾದ, ಪೂರ್ಣವಾದ, ಸಣ್ಣ ವಾಕ್ಯಗಳು. ಆದರೆ ಪಾಲಕರೊಡನೆ ಮಾತುಕತೆ ಮತ್ತು ಮಗುವಿನ ಪ್ರಗತಿ ವರದಿಯ ಬರವಣಿಗೆಗೆ ಪದವಿ ಮಟ್ಟದ ಇಂಗ್ಲಿಷ್ ಅಭ್ಯಾಸ ಸಹಾಯಕ.

6. ಜಿಲ್ಲೆಯೊಳಗಿನ ಅವಕಾಶಗಳು

ಖಾಸಗಿ ಪೂರ್ವ ಪ್ರಾಥಮಿಕ ಶಾಲೆಗಳು ಕರ್ನಾಟಕ ಶಿಕ್ಷಣ ಅಧಿನಿಯಮ 1983ರ ವ್ಯಾಪ್ತಿಗೆ ಬರುತ್ತವೆ. ಕೆಲಸಕ್ಕೆ ಸೇರುವ ಮೊದಲು ಶಾಲೆಯ ನೋಂದಣಿಯ ಬಗ್ಗೆ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು ಅಭ್ಯರ್ಥಿಯ ಹಿತದೃಷ್ಟಿಯಿಂದ ಅಗತ್ಯ. ನೋಂದಣಿಯಿಲ್ಲದ ಸಂಸ್ಥೆ ನೀಡುವ ಸೇವಾನುಭವ ಪತ್ರಕ್ಕೆ ಮುಂದೆ ಬೆಲೆ ದೊರೆಯುವುದು ಕಷ್ಟ.

ನೇಮಕಾತಿ ಆದೇಶವನ್ನು ಲಿಖಿತವಾಗಿ ಪಡೆಯತಕ್ಕದ್ದು. ವೇತನವನ್ನು ಬ್ಯಾಂಕ್ ಖಾತೆಯ ಮೂಲಕ ಪಡೆಯುವುದು ಸೂಕ್ತ. ಮುಂದೆ ಸೇವೆ ಸಲ್ಲಿಸಿದ್ದಕ್ಕೆ ಖಾತೆಯ ವಿವರವೇ ಸಾಕ್ಷಿಯಾಗುತ್ತದೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಭವಿಷ್ಯನಿಧಿ ಅನ್ವಯಿಸುತ್ತದೆ. ಉಪದಾನ (ಗ್ರಾಚ್ಯುಯಿಟಿ) ಸೌಲಭ್ಯವನ್ನು 2009ರ ತಿದ್ದುಪಡಿಯ ಮೂಲಕ ಖಾಸಗಿ ಶಾಲಾ ಶಿಕ್ಷಕರಿಗೂ ವಿಸ್ತರಿಸಲಾಗಿದ್ದು, ಮಾನ್ಯ ಸರ್ವೋಚ್ಚ ನ್ಯಾಯಾಲಯವು 2022ರ ಆಗಸ್ಟ್‌ನಲ್ಲಿ ಇದನ್ನು ಎತ್ತಿಹಿಡಿದಿದೆ. "ಶಿಕ್ಷಕಿಯರಿಗೆ ಇದು ಇಲ್ಲ" ಎಂಬ ಉತ್ತರ ಬಂದಲ್ಲಿ ಅದನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ಅಂಗನವಾಡಿ ಕಾರ್ಯಕರ್ತೆಯರ ಆಯ್ಕೆಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ಪ್ರತ್ಯೇಕವಾಗಿ ನಡೆಸುತ್ತದೆ. ಇದು ಸ್ಥಳೀಯ ಮಹಿಳೆಯರಿಗೆ ಮೀಸಲಾದ, ಗೌರವಧನ ಆಧಾರಿತ ಸೇವೆ. ಇಲ್ಲಿ ಅರೇಬಿಕ್ ಜ್ಞಾನಕ್ಕೆ ಪ್ರತ್ಯೇಕ ಆದ್ಯತೆ ಇರುವುದಿಲ್ಲ.

7. ಹೊರದೇಶದ ಅವಕಾಶಗಳು

ದುಬೈನ ಶಿಕ್ಷಣ ಪ್ರಾಧಿಕಾರವು (ಕೆ.ಎಚ್.ಡಿ.ಎ.) ಖಾಸಗಿ ಶಾಲೆ ಮತ್ತು ಶಿಶುಕೇಂದ್ರಗಳಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಅರೇಬಿಕ್ ಕಲಿಕೆಯನ್ನು ಹಂತಹಂತವಾಗಿ ಜಾರಿಗೆ ತರುವ ನೀತಿಯನ್ನು 2025ರಲ್ಲಿ ಪ್ರಕಟಿಸಿದೆ. ಇದರಿಂದ ಆ ಭಾಷೆಯನ್ನು ಬಲ್ಲ ಶಿಕ್ಷಕಿಯರ ಅಗತ್ಯ ಹೆಚ್ಚುವುದು ಸಹಜ. ಆದಾಗ್ಯೂ ಅರೇಬಿಕ್ ಭಾಷಾ ಶಿಕ್ಷಕರ ಹುದ್ದೆಗೆ ಅದನ್ನೇ ಮಾತೃಭಾಷೆಯಾಗಿ ಉಳ್ಳವರಿಗೆ ಆದ್ಯತೆ ನೀಡುವುದು ಅಲ್ಲಿ ಸಾಮಾನ್ಯ. ನಮ್ಮ ಜಿಲ್ಲೆಯ ಅಭ್ಯರ್ಥಿಗಳಿಗೆ ಹೆಚ್ಚು ಸಾಧ್ಯತೆ ಇರುವುದು ಇಂಗ್ಲಿಷ್ ಮಾಧ್ಯಮದ ತರಗತಿ ಶಿಕ್ಷಕಿ ಅಥವಾ ಸಹಾಯಕ ಶಿಕ್ಷಕಿಯ ಹುದ್ದೆಗಳಿಗೆ; ಅಲ್ಲಿ ಅರೇಬಿಕ್ ಜ್ಞಾನವು ಹೆಚ್ಚುವರಿ ಅರ್ಹತೆಯಾಗಿ ನೆರವಾಗುತ್ತದೆ. ಈ ವಾಸ್ತವವನ್ನು ಮೊದಲೇ ತಿಳಿದು ಅರ್ಜಿ ಸಲ್ಲಿಸಿದಲ್ಲಿ ನಿರಾಶೆ ತಪ್ಪುತ್ತದೆ.

7.1 ದಾಖಲೆಗಳ ದೃಢೀಕರಣ

ಶೈಕ್ಷಣಿಕ ದಾಖಲೆಗಳನ್ನು ಮೊದಲು ರಾಜ್ಯದ ಸಂಬಂಧಪಟ್ಟ ಪ್ರಾಧಿಕಾರದಿಂದ ದೃಢೀಕರಿಸಿ, ತದನಂತರ ಕೇಂದ್ರ ವಿದೇಶಾಂಗ ಸಚಿವಾಲಯಕ್ಕೆ ಸಲ್ಲಿಸಬೇಕು. ಸಚಿವಾಲಯದ ಈ ಸೇವೆ 2019ರಿಂದ ಬೆಂಗಳೂರಿನಲ್ಲಿಯೂ ಲಭ್ಯವಿದ್ದು, ಅಧಿಕೃತ ಹೊರಗುತ್ತಿಗೆ ಸಂಸ್ಥೆಗಳ ಮೂಲಕ ದಾಖಲೆ ಸಲ್ಲಿಸಬೇಕಾಗುತ್ತದೆ.

ಮುಂದಿನ ಹಂತವು ಹೋಗಲಿರುವ ದೇಶವನ್ನು ಅವಲಂಬಿಸಿದೆ. ಒಮಾನ್, ಬಹರೈನ್ ಮತ್ತು ಸೌದಿ ಅರೇಬಿಯಾ ಹೇಗ್ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿವೆ. ಸೌದಿ ಅರೇಬಿಯಾದಲ್ಲಿ ಇದು 2022ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಭಾರತವು 2005ರಿಂದ ಈ ಒಪ್ಪಂದದಲ್ಲಿರುವ ಕಾರಣ ಈ ದೇಶಗಳಿಗೆ ಸಚಿವಾಲಯದ ಅಪೋಸ್ಟಿಲ್ ಮುದ್ರೆ ಇದ್ದಲ್ಲಿ ರಾಯಭಾರ ಕಚೇರಿಯ ಮುದ್ರೆ ಬೇಕಾಗುವುದಿಲ್ಲ. ಸಂಯುಕ್ತ ಅರಬ್ ಸಂಸ್ಥಾನ, ಕತಾರ್ ಮತ್ತು ಕುವೈತ್‌ಗೆ ಹೋಗುವವರು ಸಚಿವಾಲಯದ ಸಾಮಾನ್ಯ ದೃಢೀಕರಣದ ನಂತರ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವನ್ನೂ ಪಡೆಯಬೇಕು. ಸಚಿವಾಲಯದ ಅಪೋಸ್ಟಿಲ್ ಶುಲ್ಕ ಪ್ರತಿ ದಾಖಲೆಗೆ ರೂ. 50 ಆಗಿದ್ದು, ಹೊರಗುತ್ತಿಗೆ ಸಂಸ್ಥೆಯ ಸೇವಾ ಶುಲ್ಕ ಪ್ರತ್ಯೇಕ. ಸಾವಿರಾರು ರೂಪಾಯಿಗಳನ್ನು "ಸರ್ಕಾರಿ ಶುಲ್ಕ" ಎಂದು ಕೇಳುವ ಮಧ್ಯವರ್ತಿಗಳಿಂದ ವಿವರವಾದ ರಸೀದಿ ಕೇಳಿ ಪಡೆಯಿರಿ.

ದಾಖಲೆಗಳು ಹಿಂದಿರುಗಿ ಬರಲು ಮುಖ್ಯ ಕಾರಣಗಳಲ್ಲಿ ಒಂದು ಹೆಸರಿನ ವ್ಯತ್ಯಾಸ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಸಹಿತ ಒಂದು ಹೆಸರು, ಆಧಾರ್‌ನಲ್ಲಿ ತಂದೆಯ ಹೆಸರು ಸೇರಿದ ಇನ್ನೊಂದು, ಪಾಸ್‌ಪೋರ್ಟ್‌ನಲ್ಲಿ ಪತಿಯ ಹೆಸರು ಸೇರಿದ ಮತ್ತೊಂದು ಇದ್ದಲ್ಲಿ ತೊಡಕುಂಟಾಗುತ್ತದೆ. ವಿವಾಹಾನಂತರ ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಿಸುವುದು ಕಡ್ಡಾಯವಲ್ಲ. ಅಂಕಪಟ್ಟಿಯಲ್ಲಿರುವ ಹೆಸರನ್ನೇ ಎಲ್ಲ ಕಡೆಯೂ ಉಳಿಸಿಕೊಳ್ಳುವುದು ಸುಲಭವಾದ ದಾರಿ.

7.2 ನೇಮಕಾತಿ ಏಜೆಂಟರು

ವಿದೇಶ ಉದ್ಯೋಗಕ್ಕೆ ನೇಮಕಾತಿ ಮಾಡುವ ಏಜೆಂಟರು 1983ರ ವಲಸೆ ಅಧಿನಿಯಮದಂತೆ ನೋಂದಾಯಿತರಾಗಿರಬೇಕು. ನೋಂದಾಯಿತ ಏಜೆಂಟರ ಪಟ್ಟಿ 'ಇ-ಮೈಗ್ರೇಟ್' ಜಾಲತಾಣದಲ್ಲಿದೆ. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ ರೂ. 30,000 ಮತ್ತು ಅದರ ಮೇಲಿನ ಜಿ.ಎಸ್.ಟಿ. ಮಾತ್ರ. ಸಂಯುಕ್ತ ಅರಬ್ ಸಂಸ್ಥಾನದ 2021ರ ಕಾರ್ಮಿಕ ಕಾನೂನಿನಂತೆ ಅಲ್ಲಿನ ಉದ್ಯೋಗದಾತರು ನೇಮಕಾತಿ ವೆಚ್ಚವನ್ನು ಉದ್ಯೋಗಿಯಿಂದ ನೇರವಾಗಿ ಅಥವಾ ಪರೋಕ್ಷವಾಗಿ ವಸೂಲು ಮಾಡುವಂತಿಲ್ಲ.

ರಾಜ್ಯ ಸರ್ಕಾರದ ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮದಡಿ 'ಅಂತರರಾಷ್ಟ್ರೀಯ ವಲಸೆ ಕೇಂದ್ರ – ಕರ್ನಾಟಕ' ಕಾರ್ಯನಿರ್ವಹಿಸುತ್ತಿದ್ದು, ವಿದೇಶ ಉದ್ಯೋಗಾಕಾಂಕ್ಷಿಗಳು ಮಾರ್ಗದರ್ಶನ ಪಡೆಯಬಹುದು.

10ನೇ ತರಗತಿ ತೇರ್ಗಡೆಯಾದವರ ಪಾಸ್‌ಪೋರ್ಟ್ ವಲಸೆ ಅನುಮತಿ ಅಗತ್ಯವಿಲ್ಲದ (ಇ.ಸಿ.ಎನ್.ಆರ್.) ವರ್ಗಕ್ಕೆ ಸೇರುತ್ತದೆ. ಹಳೆಯ ಪಾಸ್‌ಪೋರ್ಟ್‌ನಲ್ಲಿ ಇ.ಸಿ.ಆರ್. ಎಂದು ನಮೂದಾಗಿದ್ದಲ್ಲಿ ಮರುವಿತರಣೆಗೆ ಅರ್ಜಿ ಸಲ್ಲಿಸಿ ತೆಗೆಸಿಕೊಳ್ಳತಕ್ಕದ್ದು. ಪೊಲೀಸ್ ನಿರಾಕ್ಷೇಪಣಾ ಪ್ರಮಾಣಪತ್ರಕ್ಕೂ ಪಾಸ್‌ಪೋರ್ಟ್ ಸೇವಾ ಜಾಲತಾಣದ ಮೂಲಕವೇ ಅರ್ಜಿ ಸಲ್ಲಿಸಬಹುದು.

7.3 ಕರಾರು ಪತ್ರವನ್ನು ಓದುವ ಬಗೆ

ಒಟ್ಟು ವೇತನವನ್ನು ಮಾತ್ರ ನೋಡಿ ಸಹಿ ಮಾಡಬಾರದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಸೇವಾಂತ್ಯದ ಉಪದಾನವನ್ನು ಮೂಲವೇತನದ ಮೇಲೆ ಲೆಕ್ಕ ಹಾಕಲಾಗುತ್ತದೆ. ಕನಿಷ್ಠ ಒಂದು ವರ್ಷ ಸೇವೆ ಸಲ್ಲಿಸಿದವರಿಗೆ ಮೊದಲ ಐದು ವರ್ಷಗಳ ಪೈಕಿ ಪ್ರತಿ ವರ್ಷಕ್ಕೆ 21 ದಿನಗಳ ಮೂಲವೇತನ ದೊರೆಯುತ್ತದೆ.

ಉದಾಹರಣೆಗೆ, ಇಬ್ಬರು ಶಿಕ್ಷಕಿಯರಿಗೂ ಒಟ್ಟು ವೇತನ 4,000 ದಿರ್‌ಹಮ್ ಎಂದು ಭಾವಿಸೋಣ. ಮೊದಲನೆಯವರ ಮೂಲವೇತನ 1,500, ಎರಡನೆಯವರದು 2,500. ವರ್ಷಕ್ಕೆ 21 ದಿನಗಳಂತೆ ಮೊದಲನೆಯವರಿಗೆ 1,050 ದಿರ್‌ಹಮ್, ಎರಡನೆಯವರಿಗೆ 1,750 ದಿರ್‌ಹಮ್. ಐದು ವರ್ಷಗಳ ನಂತರ ಮೊದಲನೆಯವರು 5,250 ಹಾಗೂ ಎರಡನೆಯವರು 8,750 ದಿರ್‌ಹಮ್ ಪಡೆಯುತ್ತಾರೆ. ತಿಂಗಳ ಸಂಬಳ ಒಂದೇ ಆದರೂ ಕೊನೆಯಲ್ಲಿ 3,500 ದಿರ್‌ಹಮ್ ವ್ಯತ್ಯಾಸ. ವಸತಿ, ಸಾರಿಗೆ, ಬೇಸಿಗೆ ರಜೆಯ ವೇತನ, ವಿಮಾನ ಟಿಕೆಟ್ ಮತ್ತು ವೈದ್ಯಕೀಯ ವಿಮೆ ಯಾರ ಖರ್ಚು ಎಂಬುದೂ ಕರಾರಿನಲ್ಲಿ ಲಿಖಿತವಾಗಿರಲಿ.

8. ಮಕ್ಕಳ ಸುರಕ್ಷತೆ

ಶಿಕ್ಷಕಿಯಾಗಿ ಸೇರಿದ ದಿನದಿಂದಲೇ ಕಾನೂನಿನ ಹೊಣೆಯೂ ಆರಂಭವಾಗುತ್ತದೆ. ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಅಧಿನಿಯಮ 2012ರ (ಪೋಕ್ಸೊ) ಪ್ರಕರಣ 19ರಂತೆ, ಇಂತಹ ಅಪರಾಧ ನಡೆದಿರುವುದು ತಿಳಿದಿರುವ ಅಥವಾ ನಡೆಯಬಹುದೆಂಬ ಆತಂಕವಿರುವ ಯಾವುದೇ ವ್ಯಕ್ತಿ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ವರದಿ ಮಾಡದಿರುವುದು ಶಿಕ್ಷಾರ್ಹ. "ಆಡಳಿತ ಮಂಡಳಿಗೆ ತಿಳಿಸಿದ್ದೇನೆ" ಎಂದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಮಕ್ಕಳ ಸಹಾಯವಾಣಿ 1098 ಎಲ್ಲ ವೇಳೆಯಲ್ಲಿಯೂ ಲಭ್ಯ. ಮೂರು ವರ್ಷದ ಮಗು ತನ್ನ ನೋವನ್ನು ಮನೆಮಾತಿನಲ್ಲಿಯೇ ಹೇಳುತ್ತದೆ ಎಂಬುದನ್ನು ಇಲ್ಲಿ ಪುನಃ ನೆನಪಿಸಲಾಗಿದೆ.

9. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ನಾನು ಹತ್ತು ವರ್ಷ ಮದ್ರಸಾದಲ್ಲಿ ಓದಿದ್ದೇನೆ. ಆ ಪ್ರಮಾಣಪತ್ರ ಸಾಕೇ?
ಉತ್ತರ: ಖಾಸಗಿ ಶಾಲೆಯ ಆಡಳಿತ ಮಂಡಳಿ ಅದನ್ನು ಪರಿಗಣಿಸಬಹುದು. ಆದರೆ ಇತರೆಡೆ ಸಲ್ಲಿಸಲು ಕ್ರಮ ಸಂಖ್ಯೆ 5ರಲ್ಲಿ ತಿಳಿಸಿದ ಮಾರ್ಗಗಳಲ್ಲಿ ಒಂದರಿಂದ ದಾಖಲೆ ಪಡೆಯಿರಿ. ಈಗಾಗಲೇ ಲಿಪಿ ಬರುವುದರಿಂದ ತಮಗೆ ಅದು ಸುಲಭವಾಗುತ್ತದೆ.

ಪ್ರಶ್ನೆ: ಆರು ತಿಂಗಳ ಎನ್.ಟಿ.ಟಿ. ಮುಗಿಸಿ ಈಗಾಗಲೇ ಕೆಲಸದಲ್ಲಿದ್ದೇನೆ. ಅದು ವ್ಯರ್ಥವೇ?
ಉತ್ತರ: ವ್ಯರ್ಥವಲ್ಲ. ತಮ್ಮ ಸೇವಾನುಭವಕ್ಕೆ ಬೆಲೆ ಇದೆ. ಆದರೆ ವಯಸ್ಸು ಮತ್ತು ಮನೆಯ ಜವಾಬ್ದಾರಿ ಹೆಚ್ಚುವ ಮೊದಲು ಮಾನ್ಯ ಡಿಪ್ಲೊಮಾ ಪೂರೈಸಿಕೊಳ್ಳುವುದು ಒಳಿತು.

ಪ್ರಶ್ನೆ: ಪತಿಯ ವೀಸಾದಲ್ಲಿ ದುಬೈಗೆ ಹೋಗಿ ಅಲ್ಲಿಯೇ ಕೆಲಸ ಹುಡುಕಬಹುದೇ?
ಉತ್ತರ: ಕುಟುಂಬ ವೀಸಾದಲ್ಲಿರುವವರು ಉದ್ಯೋಗದಾತರು ಪಡೆದುಕೊಡುವ ಕೆಲಸದ ಪರವಾನಗಿಯೊಂದಿಗೆ ದುಡಿಯಬಹುದು. ಪರವಾನಗಿ ಇಲ್ಲದೆ ಅಥವಾ ಸಂದರ್ಶಕ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿನ ಕಾನೂನಿಗೆ ವಿರುದ್ಧ. ದಾಖಲೆಗಳ ದೃಢೀಕರಣವನ್ನು ಇಲ್ಲಿಂದ ಹೊರಡುವ ಮೊದಲೇ ಮುಗಿಸಿಕೊಳ್ಳಿ.

ಪ್ರಶ್ನೆ: ಈ ವೃತ್ತಿ ಒಂದು ಸಮುದಾಯದವರಿಗೆ ಮಾತ್ರವೇ?
ಉತ್ತರ: ಅಲ್ಲ. ಅರೇಬಿಕ್ ಒಂದು ಭಾಷೆ. ಆಸಕ್ತಿಯುಳ್ಳ ಯಾರೂ ಅದನ್ನು ಕಲಿತು ಕಲಿಸಬಹುದು. ಪುರುಷ ಅಭ್ಯರ್ಥಿಗಳಿಗೂ ಡಿ.ಪಿ.ಎಸ್.ಇ. ಪ್ರವೇಶಕ್ಕೆ ಅವಕಾಶವಿದೆ.

ಪ್ರಶ್ನೆ: ಶಾಲೆಯವರು ಮೂಲ ಅಂಕಪಟ್ಟಿಯನ್ನು ಕೇಳುತ್ತಿದ್ದಾರೆ. ಕೊಡಬಹುದೇ?
ಉತ್ತರ: ಪರಿಶೀಲನೆಗೆ ತೋರಿಸಿ ಅಲ್ಲಿಯೇ ಹಿಂಪಡೆಯಿರಿ. ದೃಢೀಕೃತ ನಕಲು ಪ್ರತಿ ನೀಡಿದಲ್ಲಿ ಸಾಕು. ಮೂಲ ದಾಖಲೆ ಮತ್ತು ಪಾಸ್‌ಪೋರ್ಟ್ ಸದಾ ತಮ್ಮ ವಶದಲ್ಲಿಯೇ ಇರಲಿ.

10. ಅನುಸರಿಸಬೇಕಾದ ಕ್ರಮ

(1) ಎಲ್ಲ ದಾಖಲೆಗಳಲ್ಲಿ ಹೆಸರು ಮತ್ತು ಜನ್ಮ ದಿನಾಂಕ ಒಂದೇ ಇರುವುದನ್ನು ಖಚಿತಪಡಿಸಿಕೊಳ್ಳಿ.
(2) ಪಿ.ಯು.ಸಿ. ಅಂಕಗಳ ಶೇಕಡಾವಾರು ಪರಿಶೀಲಿಸಿ.
(3) ಕೋರ್ಸಿನ ಮಾನ್ಯತೆಯನ್ನು ಎನ್.ಸಿ.ಟಿ.ಇ. ಪಟ್ಟಿಯಲ್ಲಿ ನೋಡಿದ ನಂತರವೇ ಶುಲ್ಕ ಪಾವತಿಸಿ.
(4) ಡಿಪ್ಲೊಮಾ ಓದುವ ಅವಧಿಯಲ್ಲಿಯೇ, ಸಂಸ್ಥೆಯ ಅನುಮತಿ ಪಡೆದು, ಅರೇಬಿಕ್ ಸರ್ಟಿಫಿಕೇಟ್ ಕೋರ್ಸಿಗೂ ನೋಂದಾಯಿಸಿಕೊಳ್ಳಿ. ಇದರಿಂದ ಒಂದು ವರ್ಷ ಉಳಿತಾಯವಾಗುತ್ತದೆ.
(5) ನೋಂದಾಯಿತ ಶಾಲೆಯಲ್ಲಿ ಕೆಲಸ ಮಾಡಿ, ಸೇವಾನುಭವ ಪತ್ರವನ್ನು ದಿನಾಂಕ ಸಹಿತ ಪಡೆಯಿರಿ.
(6) ಹೊರದೇಶಕ್ಕೆ ಹೋಗುವುದಿದ್ದಲ್ಲಿ ದೇಶ ನಿಶ್ಚಯವಾದ ನಂತರ ಆ ದೇಶಕ್ಕೆ ಬೇಕಾದ ರೀತಿಯ ದೃಢೀಕರಣ ಮಾಡಿಸಿ.
(7) ಏಜೆಂಟರ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್‌ನಲ್ಲಿ ಪರಿಶೀಲಿಸಿ, ಪಾವತಿಸಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ.

ಹೆಚ್ಚಿನ ವಿವರಗಳಿಗೆ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಬರುವಾಗ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿ, ಆಧಾರ್ ಮತ್ತು ಈವರೆಗೆ ಪಡೆದಿರುವ ಎಲ್ಲ ತರಬೇತಿ ಪ್ರಮಾಣಪತ್ರಗಳ ನಕಲು ಪ್ರತಿಗಳನ್ನು ತರತಕ್ಕದ್ದು. ಯಾವುದೇ ಖಾಸಗಿ ತರಬೇತಿ ಕೇಂದ್ರಕ್ಕೆ ಮುಂಗಡ ಪಾವತಿಸುವ ಮೊದಲು ವಿಚಾರಿಸಿದಲ್ಲಿ ಅಭ್ಯರ್ಥಿಗಳ ಹಣವೂ ಸಮಯವೂ ಉಳಿಯುತ್ತದೆ.